ಊರಿನ ಹಳೇ ಪುರಭವನದ ಚರಿತ್ರೆ ಹುಡುಕುವುದು ಹೇಗೆ?

ಹಳೇ ಮೈಸೂರು ಸೀಮೆಯ ಸಣ್ಣ ಊರುಗಳ ಪುರಭವನ ಅಂದ್ರೆ ನನಗೆ ಬಹಳ ಪ್ರೀತಿ. ಯಾವಾಗ ಕಟ್ಟಿದ್ದು ಅಂತ ಕೇಳಿದರೆ ಮಾತ್ರ "ರಾಜರ ಕಾಲದ್ದು" ಅಂದು ಸುಮ್ಮನಾಗಿಬಿಡುತ್ತಾರೆ. ಯಾವ ರಾಜರು? ಯಾರ ದುಡ್ಡು? ಹುಡುಕಿದರೆ ಸಿಗುತ್ತದೆ.

ಗೋಡೆಯಲ್ಲಿ ಕೂರಿಸಿರುವ, ಅಕ್ಷರ ಕೆತ್ತಿದ ಕಲ್ಲಿನಿಂದ ಶುರು ಮಾಡಿ. ಅದರ ಮೇಲೆ ಪದರಪದರ ಬಣ್ಣ ಇರುತ್ತದೆ. ಕೆರೆಯಬೇಡಿ, ಅಕ್ಷರವೇ ಹಾಳಾಗುತ್ತದೆ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಗೋಡೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಅಕ್ಷರದ ಗುಳಿಯಲ್ಲಿ ನೆರಳು ಬೀಳುತ್ತದೆ, ಆಗ ಓದಲು ಬರುತ್ತದೆ. ಫೋಟೊ ತೆಗೆಯಬೇಕಾದ್ದೂ ಆಗಲೇ.

ಕೆಲವು ಕಲ್ಲುಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಮಾತ್ರ. ಅದು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದಲ್ವಾ? "ಪ್ರಭವ" ಅಂದರೆ 1867 ಆಗಬಹುದು, 1927 ಆಗಬಹುದು, 1987 ಕೂಡ. ಮಹಾರಾಜರ ಹೆಸರೊಂದೇ ಸಾಲದು. 1867ರಲ್ಲಿ ಮುಮ್ಮಡಿ, 1927ರಲ್ಲಿ ನಾಲ್ವಡಿ, ಇಬ್ಬರೂ ಕೃಷ್ಣರಾಜ ಒಡೆಯರೇ. ದಿವಾನರ ಹೆಸರು ಹುಡುಕಿ. ಮಿರ್ಜಾ ಇಸ್ಮಾಯಿಲ್ ಅಂತಿದ್ದರೆ ಅನುಮಾನವೇ ಬೇಡ, ಅವರು ದಿವಾನರಾಗಿದ್ದದ್ದು 1926ರಿಂದ 1941ರವರೆಗೆ. 1927 ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ. ಮೈಸೂರಿನ ದೊಡ್ಡ ಗಡಿಯಾರವೂ ಅದರ ನೆನಪಿಗೇ ಕಟ್ಟಿದ್ದು.

ಕಲ್ಲಿನಲ್ಲಿರುವುದು ಶಂಕುಸ್ಥಾಪನೆಯ ದಿನವೋ ಉದ್ಘಾಟನೆಯದೋ ಸರಿಯಾಗಿ ನೋಡಿಕೊಳ್ಳಿ. ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನಕ್ಕೇ ಅಡಿಗಲ್ಲು ಬಿದ್ದದ್ದು 1933ರಲ್ಲಿ, ಬಾಗಿಲು ತೆರೆದದ್ದು 1935ರಲ್ಲಿ.

ಆಮೇಲೆ ತಲೆ ಎತ್ತಿ. ಕಬ್ಬಿಣದ ತೊಲೆಯ ಮೇಲೆ ಟಾಟಾ ಅಂತ ಅಚ್ಚಿದ್ದರೆ ಆ ತೊಲೆ 1912ಕ್ಕಿಂತ ಹಳೇದಲ್ಲ, ಅವರ ಉಕ್ಕು ಶುರುವಾದದ್ದೇ ಆಗ. ಮಂಗಳೂರು ಹೆಂಚಿನಲ್ಲೂ ಕಾರ್ಖಾನೆಯ ಹೆಸರಿರುತ್ತದೆ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಶುರು ಮಾಡಿದ್ದು 1865ರಲ್ಲಿ. ಆದರೆ ಹೆಂಚನ್ನು ಜಾಸ್ತಿ ನಂಬಬೇಡಿ. ಒಡೆದಾಗೆಲ್ಲ ಬದಲಾಯಿಸಿರುತ್ತಾರೆ.

ನನ್ನ ಲೆಕ್ಕದಲ್ಲಿ ನಿಜವಾದ ಚರಿತ್ರೆ ಇರುವುದು ಪುರಸಭೆಯ ಹಳೇ ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕದಲ್ಲಿ. ಕಲ್ಲು ಹೇಳುವುದು ಗಣ್ಯರ ಹೆಸರು ಮಾತ್ರ. ಚಂದಾ ಕೊಟ್ಟವರು, ಕಂಟ್ರಾಕ್ಟರು, ನಾಟಕಕ್ಕೆ ಎಷ್ಟು ಬಾಡಿಗೆ, ಯಾವ ಸಭೆಗೆ ಜಾಗ ಕೊಡಲಿಲ್ಲ, ಇದೆಲ್ಲ ನಡಾವಳಿಯಲ್ಲಿ ಸಿಗುವ ವಿಷಯ. ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆದು, ಇಸವಿ ಹೇಳಿ ಕೇಳಿ. "ಹಳೇ ದಾಖಲೆ ಎಲ್ಲಾ ಕೊಡಿ" ಅಂದರೆ ಯಾರೂ ಬೀರು ತೆಗೆಯುವುದಿಲ್ಲ. "1926ರಿಂದ 1928ರ ನಡಾವಳಿ" ಅನ್ನಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಲ್ಲೂ ಸಿಗದಿದ್ದರೆ ಹಳೇ ಸರ್ಕಾರಿ ದಾಖಲೆ ಇಡುವ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಮುನಿಸಿಪಲ್ ಕಡತಗಳನ್ನು ಕೇಳಿ.

ಸಿಕ್ಕ ಪ್ರತಿ ಪುಟದ ಜೊತೆ ಪುಸ್ತಕದ ವರ್ಷ, ಪುಟಸಂಖ್ಯೆ ಬರೆದಿಡಿ. ಒಂದು ಪ್ರತಿ ಊರಿನ ಲೈಬ್ರರಿಗೂ ಕೊಡಿ.