ವಕೀಲಿಕೆ ಕಲಿಯುವುದು: ಬೇರ್ ಆಕ್ಟಿನಿಂದ ಪಹಣಿಯವರೆಗೆ

ಎಲ್‌ಎಲ್‌ಬಿ ಮುಗಿಸಿ ಕೋರ್ಟಿಗೆ ಬರುವವರಿಗೆ ಸೆಕ್ಷನ್ ಗೊತ್ತಿರುತ್ತದೆ, ದಿನ ಎಣಿಸಲು ಬರುವುದಿಲ್ಲ. ಮಂಡ್ಯ, ಮೈಸೂರು ಕಡೆಯ ಕೋರ್ಟುಗಳಲ್ಲಿ ಎಷ್ಟೋ ಕೇಸು ಬಿದ್ದುಹೋಗುವುದು ಒಂದು ದಿನ ತಡವಾದ ನೋಟಿಸಿನಿಂದ, ತಪ್ಪಾಗಿ ಬರೆದ ಚೆಕ್ಕುಬಂದಿಯಿಂದ (ಜಮೀನಿನ ನಾಲ್ಕು ಗಡಿಯ ವಿವರ), ದಾವೆಯಲ್ಲಿ ಪಾರ್ಟಿ ಮಾಡದೆ ಬಿಟ್ಟ ಒಬ್ಬ ಮಗಳಿಂದ. ನಾನು ಕೆಲಸ ಕಲಿತದ್ದು ಈ ತುದಿಯಿಂದ. ಜೂನಿಯರ್‌ಗಳಿಗೆ ಹೇಳಿಕೊಡುವುದೂ ಇದನ್ನೇ.

ಓದಿಗೆ ಎರಡು ದಾರಿ. ಪಿಯುಸಿ ಆದಮೇಲೆ ಐದು ವರ್ಷದ ಬಿಎ ಎಲ್‌ಎಲ್‌ಬಿ, ಇಲ್ಲವೇ ಯಾವುದಾದರೂ ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ. ಮೂರು ವರ್ಷದ್ದಕ್ಕೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಇರಬೇಕು. ಮೈಸೂರಿನಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ, ಜೆಎಸ್‌ಎಸ್, ಮಂಡ್ಯದಲ್ಲಿ ಪಿಇಎಸ್ ಕಾಲೇಜುಗಳಿವೆ. ಕೆಲಸ ಮಾಡಿಕೊಂಡೇ ಓದುತ್ತೇನೆ ಎನ್ನುವವರು ಒಂದು ಮಾತು ನೆನಪಿಡಬೇಕು: ಶೇ. 70 ಹಾಜರಿ ಕಡ್ಡಾಯ. ಹಾಜರಿ ಕೊರತೆಯಿಂದ ಸೆಮಿಸ್ಟರ್ ಕಳೆದುಕೊಂಡರೆ ಮುಂದಿನ ಎಲ್ಲವೂ ಹಿಂದೆ ಸರಿಯುತ್ತದೆ.

ಗೈಡ್ ಕೈಗೆತ್ತಿಕೊಳ್ಳುವ ಮೊದಲು ಬೇರ್ ಆಕ್ಟ್, ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಮೂಲಪಠ್ಯ ಓದಿ. ನಾನು ಒಂದು ಸೆಕ್ಷನ್ ಓದಿದ ಮೇಲೆ ಪುಸ್ತಕ ಮುಚ್ಚಿ, ಅದನ್ನು ಊರಿನ ಕಕ್ಷಿದಾರನಿಗೆ ವಿವರಿಸುವ ಹಾಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಕ್ರಿಮಿನಲ್ ಕಾನೂನಿಗೆ ಈಗ ಹಳೆಯ ನಂಬರು, ಹೊಸ ನಂಬರು ಎರಡೂ ಬೇಕು. ಅಪರಾಧ, ಶಿಕ್ಷೆ ಹೇಳುವ ಐಪಿಸಿಯ ಜಾಗಕ್ಕೆ ಬಿಎನ್‌ಎಸ್, ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಸಿಆರ್‌ಪಿಸಿಯ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂದಿದೆ. ವಂಚನೆಯ ಐಪಿಸಿ 420 ಈಗ ಬಿಎನ್‌ಎಸ್ 318(4), ನಿರೀಕ್ಷಣಾ ಜಾಮೀನಿನ ಸಿಆರ್‌ಪಿಸಿ 438 ಈಗ ಬಿಎನ್‌ಎಸ್‌ಎಸ್ 482. ಹಳೆಯ ಸಿಆರ್‌ಪಿಸಿಯ 482 ಹೈಕೋರ್ಟಿನ ಅಂತರ್ಗತ ಅಧಿಕಾರಕ್ಕೆ ಸಂಬಂಧಿಸಿದ್ದು, ಅದೀಗ 528. ಈ ಒಂದು ನಂಬರಿನಲ್ಲೇ ಬಹಳ ಜನ ಎಡವುತ್ತಾರೆ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಆದ್ದರಿಂದ ಹಳೆಯ ಪುಸ್ತಕ ತೂಕಕ್ಕೆ ಹಾಕಬೇಡಿ.

ಪದವಿ ಆದಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಸಾಮಾನ್ಯ ವರ್ಗಕ್ಕೆ ಕಾಯ್ದೆ ಹೇಳಿರುವ ಶುಲ್ಕ 750 ರೂಪಾಯಿ, ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ: 100 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಟಿಪ್ಪಣಿ ಬರೆಯದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಸಂವಿಧಾನ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಬಿಎನ್‌ಎಸ್‌ಎಸ್ ಮೂರರಿಂದಲೇ 30 ಪ್ರಶ್ನೆ ಬರುತ್ತವೆ. ಪುಸ್ತಕ ಒಯ್ಯಬಹುದು ಎಂದು ಓದದೆ ಹೋದವರಿಗೆ ಹುಡುಕುವುದರಲ್ಲೇ ಸಮಯ ಮುಗಿಯುತ್ತದೆ.

ಇನ್ನು ನಿಜವಾದ ಕೆಲಸ. ಸೀನಿಯರ್ ಕಚೇರಿಗೆ ಹೋದವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಚೆಕ್ ಬೌನ್ಸ್ ಕೇಸು. ಚೆಕ್ ವಾಪಸಾಯಿತು ಎನ್ನುವ ಬ್ಯಾಂಕಿನ ಮೆಮೊ ಮಾರ್ಚ್ 3ಕ್ಕೆ ಕೈಸೇರಿತು ಎನ್ನಿ. ಆ ದಿನ ಬಿಟ್ಟು 30 ದಿನ ಎಣಿಸಿದರೆ ಏಪ್ರಿಲ್ 2, ಅಷ್ಟರೊಳಗೆ ನೋಟಿಸು ಹೊರಡಬೇಕು. ಚೆಕ್ ಕೊಟ್ಟವನಿಗೆ ಅದು ಏಪ್ರಿಲ್ 5ಕ್ಕೆ ತಲುಪಿದರೆ ಹಣ ಕಟ್ಟಲು 20ರವರೆಗೆ ಅವಕಾಶ. 21ರಿಂದ ಒಂದು ತಿಂಗಳೊಳಗೆ ದೂರು. ನಾನು ಡೈರಿಯಲ್ಲಿ ಮೇ 20 ಎಂದೇ ಬರೆಯುತ್ತೇನೆ, ಕೊನೆಯ ದಿನಕ್ಕೆ ಕಾಯುವುದಿಲ್ಲ. 15 ದಿನ ತುಂಬುವ ಮೊದಲೇ ಅವಸರದಲ್ಲಿ ಹಾಕಿದ ದೂರು ನಿಲ್ಲುವುದಿಲ್ಲ. ದೂರು ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ನೋಟಿಸು ತಡವಾದರೆ ಆ ದಾರಿಯಿಲ್ಲ. ಈ ವ್ಯತ್ಯಾಸ ತಿಳಿಯದೆ ಕಕ್ಷಿದಾರನ ಹಣ ಮುಳುಗಿಸಬಾರದು.

ವಿಭಾಗದ ದಾವೆ, ಅಂದರೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಕೇಸು, ನಮ್ಮ ಭಾಗದ ಜೀವಾಳ. ಕುಳಿತ ತಕ್ಷಣ ಪ್ಲೇಂಟ್ (ದಾವಾಪತ್ರ) ಬರೆಯಲು ಹೊರಡಬೇಡಿ. ಮೊದಲು ವಂಶವೃಕ್ಷ ಬರೆಸಿಕೊಳ್ಳಿ, ತೀರಿಕೊಂಡವರ ಮಕ್ಕಳನ್ನೂ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳಿ. "ಅವಳಿಗೆ ಮದುವೇಲಿ ಕೊಟ್ಟಾಯ್ತು ಸಾರ್, ಅವಳ ಹೆಸರು ಯಾಕೆ?" ಎಂದು ಅಣ್ಣತಮ್ಮಂದಿರು ಹೇಳಿಯೇ ಹೇಳುತ್ತಾರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಮಗಳಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಅವರನ್ನು ಬಿಟ್ಟರೆ ದಾವೆಯೇ ಅಲುಗಾಡುತ್ತದೆ. ಕುಟುಂಬದ ಒಂದು ಜಮೀನು ಬಿಟ್ಟು ಉಳಿದವಕ್ಕೆ ಮಾತ್ರ ಪಾಲು ಕೇಳಿದರೂ ಅದೇ ಗತಿ.

ಪ್ಲೇಂಟಿನಲ್ಲಿ ಆಸ್ತಿಯ ವಿವರ ಕೊಡುವ ಷೆಡ್ಯೂಲಿಗೆ ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಉಪಭಾಗ), ಎಕರೆ-ಗುಂಟೆ, ಖರಾಬು (ಸಾಗುವಳಿಗೆ ಬಾರದ ಭಾಗ), ನಾಲ್ಕು ದಿಕ್ಕಿನ ಚೆಕ್ಕುಬಂದಿ ಬೇಕು. ಹಳೆಯ ಕ್ರಯಪತ್ರದಲ್ಲಿ ಪೂರ್ವಕ್ಕೆ ಇದ್ದ ಒಡೆಯ ಇಂದು ಇಲ್ಲದಿರಬಹುದು, ಆದ್ದರಿಂದ ಪತ್ರ ನೋಡಿ ನಕಲು ಮಾಡದೆ ಜಮೀನಿಗೆ ಹೋಗಿ ನಿಂತು ಬರೆದುಕೊಳ್ಳಿ. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಯೇ ಗೆಲ್ಲುತ್ತದೆ. ಕೋರ್ಟು ಶುಲ್ಕಕ್ಕೆ ಜಂಟಿ ಸ್ವಾಧೀನದ ಮಾತು ಪ್ಲೇಂಟಿನಲ್ಲಿ ಸ್ಪಷ್ಟವಾಗಿರಬೇಕು. ನಮ್ಮ ಕಕ್ಷಿದಾರನನ್ನು ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದು ನಾವೇ ಬರೆದರೆ ಅವನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಹಾಗೆಂದು ಶುಲ್ಕ ಉಳಿಸಲು ಇಲ್ಲದ ಸ್ವಾಧೀನ ಬರೆಯಬಾರದು, ಪಾಟೀಸವಾಲಿನಲ್ಲಿ ಅದು ಹೊರಬರುತ್ತದೆ.

ಇದೇ ಕಾಗದ ಓದುವ ಅಭ್ಯಾಸ ಬ್ಯಾಂಕಿನ ಪ್ಯಾನಲ್ ವಕೀಲರಾಗಲು (ಬ್ಯಾಂಕು ತನ್ನ ಪಟ್ಟಿಗೆ ಸೇರಿಸಿಕೊಂಡ ವಕೀಲರು) ಬೇಕಾದ ಬಂಡವಾಳ. ಹಕ್ಕುಪರಿಶೀಲನೆಗೆ ಮೂಲಪತ್ರ, ಋಣಭಾರ ಪತ್ರ (ಇಸಿ), ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಸಾಲಾಗಿ ಜೋಡಿಸಿ, ಕೊಂಡಿ ಎಲ್ಲಿ ತಪ್ಪಿದೆ ನೋಡಿ. ಜಮೀನಿನ ಮೂಲ ಸಾಗುವಳಿ ಚೀಟಿಯಾಗಿದ್ದರೆ (ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಪತ್ರ) ಯಾರಿಗೆ ಮಂಜೂರಾಯಿತು ಎಂಬುದನ್ನು ತಪ್ಪದೆ ನೋಡಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿಯಿಲ್ಲದೆ ಮಾರಾಟವಾಗಿದ್ದರೆ ಅಂಥ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಋಣಭಾರ ಪತ್ರ ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಇದು ಕಾಣುವುದಿಲ್ಲ.

ಬೇರೆ ದಾರಿಗಳೂ ಇವೆ: ಸಹಾಯಕ ಸರ್ಕಾರಿ ಅಭಿಯೋಜಕ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್, ಕಾರ್ಖಾನೆಗಳ ಕಾರ್ಮಿಕ ಕಾನೂನು ವಿಭಾಗ, ಎಲ್‌ಎಲ್‌ಎಂ ಮಾಡಿ ಅಧ್ಯಾಪನ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯವಾಗಿದೆ. ಬಾರ್ ಪರೀಕ್ಷೆಗೆ ಮೊದಲು ಸಿಗುವ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ. ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರ ಪ್ರಮಾಣಪತ್ರ, ಅದಕ್ಕೆ ನ್ಯಾಯಾಧೀಶರ ದೃಢೀಕರಣ ಬೇಕು. ಆದ್ದರಿಂದ ಸೀನಿಯರ್ ಹಾಕುವ ವಕಾಲತ್ತಿನಲ್ಲಿ ಮೊದಲ ದಿನದಿಂದಲೇ ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಸಹಿ ಇರಲಿ. ನೀವು ನಿಂತ ಪ್ರತಿ ಕೇಸಿನ ನಂಬರು, ವಾಯಿದೆ, ಆ ದಿನ ನಡೆದ ಕೆಲಸವನ್ನು ನಿಮ್ಮದೇ ಡೈರಿಯಲ್ಲಿ ಅಂದೇ ಸಂಜೆ ಬರೆದಿಡಿ.