ಮೊದಲು ನೋವು, ಆಮೇಲೆ ನಿದ್ದೆ: ವೆಂಟಿಲೇಟರ್ ರೋಗಿಗಳಿಗೆ ನೋವಿನ ಮದ್ದು ಫೆಂಟನಿಲ್, ಮಾರ್ಫಿನ್ ಕೊಟ್ಟ ನನ್ನ ಅನುಭವ

'ಮಿಡಜೋಲಮ್ (ನಿದ್ದೆ ಮದ್ದು) ಇಳಿಸಿದರೆ ರೋಗಿ ಉಸಿರಾಟದ ಟ್ಯೂಬ್ ಕಿತ್ತುಹಾಕ್ತಾನೆ, ಆಮೇಲೆ ನೀವೇ ಉತ್ತರ ಕೊಡಿ' ಅಂತ ನಮ್ಮ ಹಿರಿಯರೊಬ್ಬರು ರೌಂಡ್ಸ್‌ನಲ್ಲಿ ಎಲ್ಲರ ಎದುರಿಗೇ ಹೇಳಿದ್ದರು. ಈಗ ಅವರ ರೋಗಿಗಳಿಗೂ ಮೊದಲು ನೋವಿಗೆ ಮದ್ದು ಕೊಡುವ ನಮ್ಮ ಚಾರ್ಟೇ ನಡೆಯುತ್ತಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮದು ಬಯಲುಸೀಮೆಯ ಜಿಲ್ಲಾ ಕೇಂದ್ರದ ಹತ್ತು ಹನ್ನೆರಡು ಬೆಡ್‌ಗಳ ಐಸಿಯು. ಬೈಕ್ ಅಪಘಾತ, ಸೋಂಕು ಮೈಗೇರಿದ ಸೆಪ್ಸಿಸ್, ಕ್ರಿಮಿನಾಶಕ ಕುಡಿದವರು, ಇವೇ ಜಾಸ್ತಿ. ಹಳೆಯ ಪದ್ಧತಿ ನಿಮಗೂ ಗೊತ್ತು: 50 ಎಂಎಲ್‌ನ ಒಂದೇ ಸಿರಿಂಜ್‌ನಲ್ಲಿ ಮಿಡಜೋಲಮ್, ಫೆಂಟನಿಲ್ ಎರಡನ್ನೂ ಬೆರೆಸಿ, ನಿಧಾನವಾಗಿ ಮದ್ದು ಬಿಡುವ ಪಂಪ್‌ಗೆ ಹಾಕೋದು. ರೋಗಿ ಕದಲಿದರೆ ರೇಟ್ ಏರಿಸೋದು. ನೋವಿಗೆ ಏರಿಸಿದರೆ ನಿದ್ದೆಯೂ ಏರುತ್ತದೆ. ಮೂರು ದಿನ ಕಳೆದು ಪಂಪ್ ನಿಲ್ಲಿಸಿದರೂ ಕಣ್ಣು ಬಿಡಲ್ಲ. ಆಮೇಲೆ ಮಿದುಳಿಗೇನಾಯ್ತೋ ಅಂತ ತಲೆಯ ಸಿಟಿ ಸ್ಕ್ಯಾನ್! ನಾನು ಮೊದಲು ಮಾಡಿದ್ದೇ ಎರಡನ್ನೂ ಬೇರೆ ಮಾಡಿದ್ದು. ಒಂದು ಪಂಪ್ ಜಾಸ್ತಿ ಬೇಕಾಯ್ತು. ಅದಕ್ಕೆ ಆಡಳಿತದವರ ಹತ್ತಿರ ತಿಂಗಳುಗಟ್ಟಲೆ ಅಲೆದೆ.

2010ರಲ್ಲಿ ಡೆನ್ಮಾರ್ಕ್‌ನ ಓಡೆನ್ಸೆಯಿಂದ ಬಂದ ಪ್ರಯೋಗ ನೆನಪಿದೆಯಲ್ವಾ? ನಿದ್ದೆ ಮದ್ದಿನ ಇನ್ಫ್ಯೂಷನ್ (ಸತತವಾಗಿ ಹರಿಸೋದು) ಬಿಟ್ಟು, ಬೇಕಾದಾಗ ಮಾರ್ಫಿನ್ ಬೋಲಸ್ (ಒಂದೇ ಸಲದ ಸಣ್ಣ ಡೋಸ್) ಕೊಟ್ಟೇ ನಡೆಸಿದ್ದರು. ಅದನ್ನು ತೋರಿಸಿದರೆ ನಮ್ಮವರು 'ಅಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್, ಇಲ್ಲಿ ಮೂವರಿಗೆ ಒಬ್ಬರು' ಅಂದರು. ಮಾತು ನಿಜ. ನಾನು ಮನೆಯವರನ್ನು ಒಳಗೆ ಬಿಟ್ಟೆ. ಹಗಲು ಒಂದಷ್ಟು ಹೊತ್ತು ಹೆಂಡತಿಯೋ ಮಗಳೋ ಕೈ ಹಿಡಿದು ಕೂತರೆ ಅರ್ಧ ಗಲಾಟೆ ಅಲ್ಲೇ ಅಡಗುತ್ತದೆ. ರಾತ್ರಿ ಪಾಳಿಯ ಸಿಸ್ಟರ್‌ಗಳು ತಪ್ಪದೆ ಸಿಪಿಒಟಿ (ಮುಖ, ಮೈ ಕದಲಿಕೆ ನೋಡಿ ನೋವಿಗೆ ಹಾಕುವ ಸ್ಕೋರ್) ಬರೆಯುವ ಹಾಗೆ ಹೇಗೆ ಮಾಡಿದೆ ಅನ್ನೋದು ಮಾತ್ರ ನನ್ನ ಗುಟ್ಟು, ಇರಲಿ ಬಿಡಿ.

ಈ ಸ್ಕೋರ್ 3 ಅಥವಾ ಅದಕ್ಕಿಂತ ಜಾಸ್ತಿ ಆದರೆ ಫೆಂಟನಿಲ್ 25ರಿಂದ 50 ಮೈಕ್ರೋಗ್ರಾಂ ಬೋಲಸ್, ನಿಧಾನವಾಗಿ. ಐದು ನಿಮಿಷ ಬಿಟ್ಟು ಮತ್ತೆ ನೋಡೋದು. ಗಂಟೆಯಲ್ಲಿ ಎರಡು ಮೂರು ಬೋಲಸ್ ಬೇಕಾದರೆ ಮಾತ್ರ ಇನ್ಫ್ಯೂಷನ್ ಮುಟ್ಟುತ್ತೇವೆ. ಬರೀ ರೇಟ್ ಏರಿಸಿದರೆ ಪರಿಣಾಮ ಬರೋಕೆ ಗಂಟೆಗಳು ಬೇಕು. ಅಷ್ಟರಲ್ಲಿ ಯಾರಾದರೂ ಮಿಡಜೋಲಮ್ ಕೊಟ್ಟುಬಿಟ್ಟಿರುತ್ತಾರೆ.

ಯಾವುದನ್ನು ಯಾರಿಗೆ? ಕ್ರಿಯಾಟಿನಿನ್ ಏರಿದ್ದರೆ, ಅಂದರೆ ಕಿಡ್ನಿ ಸೋತಿದ್ದರೆ, ಮಾರ್ಫಿನ್ ಬೇಡವೇ ಬೇಡ, ಮೈಯಲ್ಲಿ ಅದರಿಂದಾಗುವ ಗ್ಲುಕುರೊನೈಡ್ ಹೊರಹೋಗದೆ ಕೂತುಬಿಡುತ್ತದೆ. ಬಿಪಿ ಬಿದ್ದಿದ್ದರೆ, ಉಬ್ಬಸ ಇದ್ದರೆ ಕೂಡ ಫೆಂಟನಿಲ್. ಕಿಡ್ನಿ ಚೆನ್ನಾಗಿದ್ದು ದಿನಗಳು ಎಳೆಯುವ ಲಕ್ಷಣ ಕಂಡರೆ ಮಾರ್ಫಿನ್ 2–3 ಮಿಗ್ರಾಂ ಬೋಲಸ್‌ಗೆ ಬದಲಾಯಿಸುತ್ತೇನೆ. ಫೆಂಟನಿಲ್ 'ಶಾರ್ಟ್ ಆ್ಯಕ್ಟಿಂಗ್' ಅನ್ನೋದು ಮೊದಲ ದಿನದ ಮಾತು. ನಾಲ್ಕೈದು ದಿನ ಓಡಿದ ಮೇಲೆ ಕೊಬ್ಬಿನಿಂದ ವಾಪಸ್ ಬರುತ್ತಲೇ ಇರುತ್ತದೆ. ಜೊತೆಗೆ ಫಂಗಸ್ ಮದ್ದು ಫ್ಲುಕೊನಜೋಲ್ ಇದ್ದರಂತೂ ಇನ್ನೂ ನಿಧಾನ.

ಕ್ರಿಮಿನಾಶಕದ ಕೇಸ್‌ಗಳಲ್ಲಿ ಒಂದು ಸಿಕ್ಕು ಇದೆ. ಒಪಿಯಾಯ್ಡ್ (ಫೆಂಟನಿಲ್, ಮಾರ್ಫಿನ್ ಜಾತಿಯ ಮದ್ದು) ಕೊಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ವಿಷಕ್ಕೆ ಕೊಡುವ ಅಟ್ರೋಪಿನ್ ಸಾಲದು ಅಂತ ಡ್ಯೂಟಿ ಡಾಕ್ಟರ್ ಏರಿಸುತ್ತಾ ಹೋಗುತ್ತಾರೆ. ಎದೆಯ ಸದ್ದು, ನಾಡಿ, ಬಿಪಿ ನೋಡಿ, ಪಾಪೆ ಬಿಡಿ ಅಂತ ಬೆಡ್ ಮೇಲೇ ಚೀಟಿ ಅಂಟಿಸಿದ್ದೇವೆ. ಅಟ್ರೋಪಿನ್‌ನಿಂದ ಕರುಳು ಮೊದಲೇ ಸುಮ್ನೆ ಮಲಗಿರುತ್ತದೆ, ಮೇಲೆ ಮಾರ್ಫಿನ್ ಬಿದ್ದರೆ ಹೊಟ್ಟೆ ಮದ್ದಲೆ. ಅಲ್ಲಿ ಎಷ್ಟು ಕಡಿಮೆಗೆ ಆಗುತ್ತದೋ ಅಷ್ಟೇ ಫೆಂಟನಿಲ್.

ದುಡ್ಡಿನ ಮಾತು. ನಮ್ಮಲ್ಲಿ ವೆಂಟಿಲೇಟರ್ ಬೆಡ್ ಅಂದರೆ ದಿನಕ್ಕೆ ಹೆಚ್ಚುಕಡಿಮೆ ಹದಿನೈದು ಸಾವಿರ. ನೋವಿನ ಔಷಧಿ ಅದರ ಮುಂದೆ ಚಿಲ್ಲರೆ. ಎರಡು ದಿನ ಮೊದಲು ಟ್ಯೂಬ್ ತೆಗೆದರೆ ಮನೆಯವರಿಗೆ ಮೂವತ್ತು ಸಾವಿರ ಉಳಿಯಿತು, ಒಂದು ಸರ ಅಡವಿಡೋದು ತಪ್ಪಿತು. ನನ್ನ ಅಂದಾಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ರೋಗಿಗಳಲ್ಲಿ ಹಾಗಾಗುತ್ತಿದೆ. ಟ್ಯೂಬ್ ಕಿತ್ತುಕೊಂಡವರು ಹೆಚ್ಚಾಗಲಿಲ್ಲ. ಮಾರ್ಫಿನ್ ತರಿಸೋಕೆ ಮಾತ್ರ ಆಸ್ಪತ್ರೆಯವರು ರಿಜಿಸ್ಟರ್‌ಗೆ ಹೆದರಿ ಹಿಂದೇಟು ಹಾಕಿದರು. 2014ರಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಗೆ ತಿದ್ದುಪಡಿ ಆದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅಗತ್ಯ ಮಾದಕ ಔಷಧಿಗಳನ್ನು ಇಡಬಹುದು ಅಂತ ಒಪ್ಪಿಸೋದೇ ಒಂದು ಕೆಲಸವಾಯ್ತು. ಖಾಲಿ ಆಂಪ್ಯೂಲ್ ಎಣಿಸಿ ಕೊಡುತ್ತೇವೆ, ಅಷ್ಟೇ.

ಕೈಕೊಟ್ಟ ಪ್ರಯೋಗಗಳೂ ಇವೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಕೆಲಸ ಶುರುಮಾಡೋಕೆ ಅರ್ಧ ದಿನ ಬೇಕು, ಜ್ವರ ಬಂದರೆ ಒಮ್ಮೆಲೇ ಜಾಸ್ತಿ ಒಳಗೆ ಹೋಗುತ್ತದೆ. ಐಸಿಯುಗೆ ಅದಲ್ಲ. ಟ್ರಮಡಾಲ್ ಅಗ್ಗ ಅಂತ ನೋಡಿದ್ವಿ, ತಲೆಗೆ ಪೆಟ್ಟಾದವರಲ್ಲಿ ಫಿಟ್ಸ್ ಭಯ. ಪಕ್ಕೆಲುಬು ಮುರಿದವರಿಗೆ ಸಣ್ಣ ಡೋಸ್ ಕೆಟಮಿನ್ ಚೆನ್ನಾಗಿತ್ತು, ಆದರೆ ಜೊಲ್ಲು ತೆಗೆದು ತೆಗೆದು ಸಿಸ್ಟರ್‌ಗಳಿಗೆ ಸಾಕಾಯ್ತು. ಈಗ ಪಕ್ಕೆಲುಬು ಮುರಿದವರಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಸೆರೇಟಸ್ ಬ್ಲಾಕ್ (ಪಕ್ಕೆಯ ನರಗಳನ್ನು ಮರಗಟ್ಟಿಸುವ ಮದ್ದು) ಹಾಕುತ್ತಿದ್ದೇನೆ, ಕ್ಯಾತಿಟರ್ (ಸಣ್ಣ ನಳಿಕೆ) ಒಳಗೇ ಇಟ್ಟು. ಫೆಂಟನಿಲ್ ಅರ್ಧಕ್ಕೆ ಇಳಿಯುತ್ತಿದೆ. ಕ್ಯಾತಿಟರ್ ಜರುಗದ ಹಾಗೆ ಕಟ್ಟುವ ರೀತಿ ಒಂದಿದೆ. ಅದನ್ನು ಬರೆದು ಹೇಳೋಕಾಗಲ್ಲ, ಈ ಕಡೆ ಬಂದಾಗ ತೋರಿಸುತ್ತೇನೆ.