12,34,56,789: ಒಂದು ದೊಡ್ಡ ಸಂಖ್ಯೆಯನ್ನು ಬಿಡಿಸುವ ಬಗೆ

ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಸಾಲಾಗಿ ಬರೆದರೆ ಸಿಗುವ 12,34,56,789ರ ಅವಿಭಾಜ್ಯ ಅಪವರ್ತನಗಳನ್ನು ಕಾಗದ, ಪೆನ್ಸಿಲ್‌ಗಳಿಂದಲೇ ಕಂಡುಹಿಡಿಯಬಹುದು.

ಮೊದಲು ಸುಲಭದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಕೊನೆಯ ಅಂಕಿ 9 ಆದ್ದರಿಂದ 2 ಮತ್ತು 5 ಇದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 45. ಅದು 9ರ ಅಪವರ್ತ್ಯವಾದ್ದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. (ಈ ಅಂಕಿಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಮೊತ್ತ ಬದಲಾಗದು, ಹಾಗಾಗಿ ಅವುಗಳಿಂದಾಗುವ 3,62,880 ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ.) ಭಾಗಲಬ್ಧ 1,37,17,421. ಇದರ ಅಂಕಿಗಳ ಮೊತ್ತ 26 ಆಗಿರುವುದರಿಂದ 3ರ ಕೆಲಸ ಇಲ್ಲಿಗೆ ಮುಗಿಯಿತು.

ನಿಜವಾದ ಕೆಲಸ ಈಗ ಶುರುವಾಗುತ್ತದೆ. 7, 11, 13 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ ಸುಮಾರು ಐನೂರು ಭಾಗಾಕಾರಗಳಾದ ಮೇಲಷ್ಟೇ ಉತ್ತರ ಸಿಗುತ್ತದೆ. ಅದರ ಬದಲು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ತೋರಿದ ದಾರಿಯನ್ನು ಹಿಡಿಯಿರಿ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಾದರೆ, a² − b² = (a − b)(a + b) ಎಂಬ ಶಾಲೆಯ ಸೂತ್ರವೇ ಅದನ್ನು ಒಡೆದುಕೊಡುತ್ತದೆ. 1,37,17,421ರ ವರ್ಗಮೂಲ 3703ಕ್ಕಿಂತ ತುಸು ಹೆಚ್ಚು. ಆದ್ದರಿಂದ 3704ರಿಂದ ಆರಂಭಿಸಬೇಕು. 3704ರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದರೆ 2195 ಉಳಿಯುತ್ತದೆ, ಅದು ಪೂರ್ಣ ವರ್ಗವಲ್ಲ. 3705ರ ವರ್ಗ 1,37,27,025. ಅದರಿಂದ ಕಳೆದಾಗ ಉಳಿಯುವುದು 9604, ಅಂದರೆ 98ರ ವರ್ಗ! ಐನೂರು ಭಾಗಾಕಾರಗಳ ಕೆಲಸ ಎರಡೇ ಪ್ರಯತ್ನದಲ್ಲಿ ಮುಗಿಯುವುದನ್ನು ಸ್ವತಃ ಮಾಡಿಯೇ ಅನುಭವಿಸಬೇಕು. ಅಪವರ್ತನಗಳು 3705 − 98 = 3607 ಮತ್ತು 3705 + 98 = 3803. ಈ ವಿಧಾನ ಇಷ್ಟು ಬೇಗ ಫಲಿಸಲು ಕಾರಣ, ಎರಡೂ ಅಪವರ್ತನಗಳು ವರ್ಗಮೂಲದ ಸಮೀಪದಲ್ಲಿರುವುದು. ಅವು ದೂರ ದೂರವಿದ್ದರೆ ಇದೇ ದಾರಿ ಬಹಳ ಉದ್ದವಾಗುತ್ತದೆ.

61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ 3607 ಮತ್ತು 3803 ಎರಡೂ ಅವಿಭಾಜ್ಯಗಳೆಂದು ಖಚಿತವಾಗುತ್ತದೆ. ಹೀಗೆ 12,34,56,789 = 3² × 3607 × 3803.

ಇಷ್ಟಾದ ಮೇಲೆ ಉಳಿದ ಗುಣಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿದರೆ 3 × 2 × 2, ಅಂದರೆ ಒಟ್ಟು 12 ಭಾಜಕಗಳು. ಅವುಗಳ ಮೊತ್ತ (1 + 3 + 9) × (1 + 3607) × (1 + 3803), ಅಂದರೆ 13 × 3608 × 3804 = 17,84,22,816; ಈ ಮೊತ್ತ ಸಂಖ್ಯೆಯ ಎರಡು ಪಟ್ಟಿಗಿಂತ ಕಡಿಮೆಯಾದ್ದರಿಂದ 12,34,56,789 ಪರಿಪೂರ್ಣ ಸಂಖ್ಯೆಯಲ್ಲ (ಭಾಜಕಗಳ ಮೊತ್ತ ಸರಿಯಾಗಿ ತನ್ನ ಎರಡು ಪಟ್ಟಾಗಿರುವ ಸಂಖ್ಯೆಯೇ ಪರಿಪೂರ್ಣ ಸಂಖ್ಯೆ).

ನನಗೆ ಹೆಚ್ಚು ಹಿಡಿಸುವ ಗುಣ ಬೇರೆಯದು. ಈ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 1 ಬರುವುದರಿಂದ, ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ 4ರಿಂದ ಭಾಗಿಸಿದಾಗ ಶೇಷ 3 ಕೊಡುವ ಪ್ರತಿಯೊಂದು ಅವಿಭಾಜ್ಯವೂ ಸಮ ಘಾತದಲ್ಲಿದ್ದರೆ ಮಾತ್ರ ಅದು ಸಾಧ್ಯ. 3 ಈ ಷರತ್ತನ್ನು ಪೂರೈಸುತ್ತದೆ. ಅದೇ ಜಾತಿಯ 3607 ಮತ್ತು 3803 ಒಂದೊಂದೇ ಸಲ ಬರುವುದರಿಂದ, ಎಷ್ಟು ಹುಡುಕಿದರೂ ಅಂಥ ಎರಡು ವರ್ಗಗಳು ಸಿಗುವುದಿಲ್ಲ.